ಕೊಳಾಯಿಯ ಗದ್ದಲ

ನಲ್ಲಿಯನ್ನು ಮುಚ್ಚಿದೊಡನೆಯೇ ಗೋಡೆಯೊಳಗೆ ಯಾರೋ ಸುತ್ತಿಗೆಯಿಂದ ಬಡಿದಂತಹ ಸದ್ದನ್ನು ಪಟ್ಟಣವಾಸಿಗಳಾದ ಕೇಳುಗರಲ್ಲಿ ಅನೇಕರು ಬಲ್ಲರು. ಮಲಗಿರುವ ರೋಗಿಗೆ ಅದು ನಿದ್ರಾಭಂಗ. ಗೃಹಸ್ಥನಿಗಾದರೋ ಅದಕ್ಕಿಂತ ದೊಡ್ಡ ನಷ್ಟದ ಮುನ್ಸೂಚನೆ. ಪೆಟ್ಟಿನ ಮೇಲೆ ಪೆಟ್ಟು ಬಿದ್ದು ಕೊಳವೆಯ ಕೀಲುಗಳು ಸಡಿಲವಾದರೆ, ಗೋಡೆಯೊಳಗೇ ನೀರು ಸೋರತೊಡಗುವುದುಂಟು.

ಇದಕ್ಕೆ ಕಾರಣವೇನು? ಓಡುವ ನೀರಿಗೆ ತೂಕವೂ ಉಂಟು, ವೇಗವೂ ಉಂಟು. ಅದನ್ನು ಥಟ್ಟನೆ ತಡೆದರೆ ಓಟದ ಶಕ್ತಿಯು ಒತ್ತಡವಾಗಿ ಮಾರ್ಪಟ್ಟು, ಅಲೆಯಂತೆ ಹಿಂದಕ್ಕೆ ಧಾವಿಸುತ್ತದೆ. ರಷ್ಯದ ವಿಜ್ಞಾನಿ ಜುಕೊವ್‌ಸ್ಕಿಯವರು 1897-98ರಲ್ಲಿ ಮಾಸ್ಕೋ ನಗರದ ನೀರಿನ ಕೊಳವೆಗಳಲ್ಲಿ ಪ್ರಯೋಗ ನಡೆಸಿ ಇದರ ಲೆಕ್ಕವನ್ನು ತೋರಿಸಿಕೊಟ್ಟರು. ಕಬ್ಬಿಣದ ಕೊಳವೆಯಲ್ಲಿ ಈ ಅಲೆಯ ವೇಗ ಸೆಕೆಂಡಿಗೆ ಸುಮಾರು 1200 ಮೀಟರು. ಸೆಕೆಂಡಿಗೆ ಒಂದು ಮೀಟರಿನಂತೆ ಹರಿಯುವ ನೀರು ಒಮ್ಮೆಲೇ ನಿಂತರೆ, ಏರುವ ಒತ್ತಡವು ಸುಮಾರು 120 ಮೀಟರು ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮನಾಗುತ್ತದೆ. ಪ್ಲಾಸ್ಟಿಕ್ ಕೊಳವೆಯು ತುಸು ಹಿಗ್ಗುವುದರಿಂದ ಅಲ್ಲಿ ಪೆಟ್ಟು ಕಡಿಮೆ; ಆದರೆ ಇಲ್ಲವೆನ್ನುವಂತಿಲ್ಲ.

ಆದರೆ ಎಲ್ಲ ಸದ್ದೂ ಇದೇ ಅಲ್ಲ. ವೈದ್ಯನು ನಾಡಿಯನ್ನು ನೋಡುವಂತೆ, ಸದ್ದು ಯಾವಾಗ ಹುಟ್ಟುತ್ತದೆಂಬುದನ್ನು ಮೊದಲು ಗಮನಿಸತಕ್ಕದ್ದು. ನಲ್ಲಿಯನ್ನು ಮುಚ್ಚಿದಾಗ ಒಂದೇ ಪೆಟ್ಟು ಕೇಳಿಸಿದರೆ ಅದು ಮೇಲೆ ಹೇಳಿದ ಪೆಟ್ಟು. ನಲ್ಲಿ ಅರೆ ತೆರೆದಿರುವಾಗ ಗಡಗಡನೆ ನಡುಗಿದರೆ ಒಳಗಿನ ವಾಷರು ಸವೆದಿದೆ ಅಥವಾ ಸಡಿಲವಾಗಿದೆ. ತೊಟ್ಟಿ ತುಂಬುತ್ತ ಬಂದಾಗ ಗುಂಯ್‌ಗುಟ್ಟಿದರೆ ತೇಲುಚೆಂಡಿನ ವಾಲ್ವನ್ನು ಪರೀಕ್ಷಿಸಬೇಕು. ಪಂಪು ನಿಂತ ಕ್ಷಣ ಸದ್ದಾದರೆ, ನೀರು ಹಿಂದಿರುಗದಂತೆ ತಡೆಯುವ ವಾಲ್ವು ರಭಸದಿಂದ ಮುಚ್ಚುತ್ತಿರಬಹುದು.

ನಾವು ಇದನ್ನರಿಯದೆ ಒಮ್ಮೆ ಸ್ನಾನದ ಮನೆಯ ಗೋಡೆಯನ್ನು ಒಡೆಯಿಸಿದೆವು. ಕೊಳವೆ ನೆಟ್ಟಗೇ ಇದ್ದಿತು! ತಪ್ಪು ಇದ್ದದ್ದು ನಲ್ಲಿಯೊಳಗಿನ ಅಲ್ಪ ಬೆಲೆಯ ವಾಷರಿನಲ್ಲಿ. ಅದನ್ನು ಬದಲಾಯಿಸಲು ಹಿಡಿದದ್ದು ಅರ್ಧ ಗಳಿಗೆ. ಗೋಡೆಯನ್ನು ಮತ್ತೆ ಕಟ್ಟಿಸಲು ಹಿಡಿದದ್ದು ಒಂದು ವಾರ.

ಪರಿಹಾರಗಳನ್ನು ಸುಲಭವಾದುದರಿಂದ ಆರಂಭಿಸುವುದು ಲೇಸು. ಮೊದಲನೆಯದಾಗಿ, ನಲ್ಲಿಯನ್ನು ಮೆಲ್ಲಗೆ ಮುಚ್ಚಬೇಕು. ಇದಕ್ಕೆ ಖರ್ಚೇ ಇಲ್ಲ. ಎರಡನೆಯದಾಗಿ, ಹೊರಗೆ ಕಾಣುವ ಕೊಳವೆ ಅಲುಗಾಡುತ್ತಿದ್ದರೆ, ರಬ್ಬರಿನ ತುಂಡನ್ನಿಟ್ಟು ಪಟ್ಟಿಯಿಂದ ಗೋಡೆಗೆ ಬಿಗಿಯಬೇಕು. ವಾಷರನ್ನು ಬದಲಾಯಿಸುವವರು ಮೊದಲು ಮುಖ್ಯ ವಾಲ್ವನ್ನು ಮುಚ್ಚಿ, ಕೊಳವೆಯಲ್ಲಿ ಉಳಿದ ನೀರನ್ನು ಹರಿಯಬಿಡತಕ್ಕದ್ದು. ಇಷ್ಟಕ್ಕೂ ಪೆಟ್ಟು ನಿಲ್ಲದಿದ್ದರೆ, ನಲ್ಲಿಯ ಬಳಿ ಮೇಲ್ತುದಿ ಮುಚ್ಚಿದ ಗಿಡ್ಡ ಕೊಳವೆಯೊಂದನ್ನು ನೆಟ್ಟಗೆ ನಿಲ್ಲಿಸಬಹುದು. ಅದರೊಳಗಿನ ಗಾಳಿಯು ಮೆತ್ತೆಯಂತೆ ಪೆಟ್ಟನ್ನು ತಾಳಿಕೊಳ್ಳುತ್ತದೆ. ಕಾಲಕ್ರಮದಲ್ಲಿ ಗಾಳಿಯು ನೀರಿನಲ್ಲಿ ಕರಗಿಹೋಗುವುದರಿಂದ, ಆಗಾಗ ಕೊಳವೆಗಳನ್ನು ಬರಿದುಮಾಡಿ ಮತ್ತೆ ಗಾಳಿ ತುಂಬಿಸಬೇಕು.

ಆದ್ದರಿಂದ ಮೇಸ್ತ್ರಿಯನ್ನು ಕರೆಯುವುದಕ್ಕೆ ಮುನ್ನ ಕೊಳಾಯಿಗೊಮ್ಮೆ ಕಿವಿಗೊಡೋಣ. ತನ್ನ ಬೇನೆ ಎಲ್ಲಿದೆಯೆಂಬುದನ್ನು ಬಹುಮಟ್ಟಿಗೆ ಅದೇ ಹೇಳುತ್ತಿರುತ್ತದೆ.