ಲ್ಯಾಪ್‌ಟಾಪ್ ಸ್ಪೀಕರಿನ ಗುಂಯ್‌ಗುಡುವಿಕೆ

ಲ್ಯಾಪ್‌ಟಾಪಿನಲ್ಲಿ ಹಾಡು ನಿಂತ ಮೇಲೂ ಸ್ಪೀಕರಿನೊಳಗಿಂದ ಗುಂಯೆನ್ನುವ ನಾದವೊಂದು ಅವಿರತವಾಗಿ ಹೊರಡುತ್ತಿದ್ದರೆ, ಅದನ್ನು ಹೊತ್ತುಕೊಂಡು ರಿಪೇರಿ ಅಂಗಡಿಗೆ ಧಾವಿಸುವ ಮುನ್ನ ಚಾರ್ಜರನ್ನು ಕಳಚಿ, ಕೇವಲ ಬ್ಯಾಟರಿಯ ಬಲದಿಂದ ನಡೆಸಿ, ಕಿವಿಗೊಟ್ಟು ಆಲಿಸತಕ್ಕದ್ದು.

ಆ ಕ್ಷಣವೇ ಸದ್ದು ಅಡಗಿತೆಂದರೆ ದೋಷವಿರುವುದು ಬಹುತೇಕ ಸ್ಪೀಕರಿನಲ್ಲಲ್ಲ, ವಿದ್ಯುತ್ತಿನ ಮಾರ್ಗದಲ್ಲಿ. ನಮ್ಮ ಮನೆಗಳಿಗೆ ಬರುವ ವಿದ್ಯುತ್ ಪ್ರವಾಹವು ಸೆಕೆಂಡಿಗೆ 50 ಆವರ್ತಗಳಂತೆ ಸ್ಪಂದಿಸುವುದಾದ ಕಾರಣ, ಅರ್ಥಿಂಗ್ ಸಮರ್ಪಕವಾಗಿಲ್ಲದ ಪಕ್ಷದಲ್ಲಿ ಆ ಸ್ಪಂದನವೂ ಅದರ ಇಮ್ಮಡಿಯಾದ 100 ಆವರ್ತಗಳದೂ ಧ್ವನಿಯ ಸರ್ಕ್ಯೂಟಿನೊಳಕ್ಕೆ ನುಸುಳಿ ಈ ಗುಂಜಾರವವನ್ನು ಉಂಟುಮಾಡಬಲ್ಲವು. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ, ಅರ್ಥ್ ಸಂಪರ್ಕವನ್ನೇ ತಪ್ಪಿಸಿ ಕೆಲಸ ಸಾಗಿಸುವ ನಮ್ಮ ಜನರ ಚಾತುರ್ಯವನ್ನು, ಅದೆಷ್ಟೇ ಪ್ರಚಲಿತವಾಗಿರಲಿ, ನಾನಂತೂ ಮೆಚ್ಚಲಾರೆ. ಹೊರಗಿನ ಸ್ಪೀಕರನ್ನು ಜೋಡಿಸಿದ್ದಲ್ಲಿ ಅದನ್ನೂ ಚಾರ್ಜರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಎರಡು ಬೇರೆ ಬೇರೆ ಸಾಕೆಟ್ಟುಗಳ ಅರ್ಥ್ ತಂತಿಗಳ ನಡುವೆ ಹರಿಯುತ್ತಿದ್ದ ಅಲ್ಪ ಪ್ರವಾಹವು ಆಗ ಬಹುಮಟ್ಟಿಗೆ ಶಮನಗೊಳ್ಳುತ್ತದೆ.

ಬ್ಯಾಟರಿಯಲ್ಲೂ ಸದ್ದು ನಿಲ್ಲದಿದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ. ಅಲ್ಲಿ ಧ್ವನಿ ನಿರ್ಮಲವಾಗಿದ್ದು, ಸ್ಪೀಕರಿನಲ್ಲಿ ಮಾತ್ರ, ಅದೂ ವಾಲ್ಯೂಮ್ ಏರಿಸಿದೊಡನೆ ಪರಪರ ಎನ್ನುತ್ತಿದ್ದರೆ, ಒಳಗಿನ ತೆಳುಪೊರೆ ಹರಿದಿರಬಹುದು ಅಥವಾ ಜಾಲರಿಯಲ್ಲಿ ಧೂಳು ಸೇರಿರಬಹುದು. ಒಣಗಿದ ಮೃದು ಬ್ರಷ್ಷಿನಿಂದ ಜಾಲರಿಯನ್ನು ಹಗುರವಾಗಿ ಉಜ್ಜಿ ನೋಡಿ, ಪಿನ್ನಿನಿಂದ ಎಂದಿಗೂ ಚುಚ್ಚಬೇಡಿ. ಹೆಡ್‌ಫೋನಿನಲ್ಲೂ ಅದೇ ಪರಪರವಾದರೆ ವಿಂಡೋಸಿನ ಸೌಂಡ್ ಸೆಟ್ಟಿಂಗ್ಸಿನಲ್ಲಿ ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್ ಎಂಬುದನ್ನು ಆಫ್ ಮಾಡಿ, ಬಳಿಕ ಆಡಿಯೋ ಡ್ರೈವರನ್ನು ನವೀಕರಿಸಿ.

ಇನ್ನು ಕರೆ ಬರುವುದಕ್ಕೆ ತುಸು ಮೊದಲು ಟರ್‌ಟರ್ ಎಂದು ಕೇಳಿಬರುವ ಸದ್ದಾದರೋ ಲ್ಯಾಪ್‌ಟಾಪಿನದೇ ಅಲ್ಲ; ಪಕ್ಕದಲ್ಲಿಟ್ಟ, 2ಜಿ ಜಾಲಕ್ಕೆ ಇಳಿದಿರುವ ಮೊಬೈಲಿನದು. ಅದನ್ನು ಮೇಜಿನ ಆಚೆ ತುದಿಗೆ ಸರಿಸಿ.