ಒಂದೇ ಉಯ್ಯಾಲೆ, ಬೇರೆ ಬೇರೆ ಮಕ್ಕಳು

ಆಟದಂಗಳದಲ್ಲಿ ಮಗುವಿನ ಕಣ್ಣು, ಕಿವಿ, ಚರ್ಮಗಳ ಜೊತೆಗೆ ಇನ್ನೆರಡು ಅರಿವುಗಳೂ ದುಡಿಯುತ್ತಿರುತ್ತವೆ. ತಲೆ ಎತ್ತ ವಾಲಿದೆ, ಮೈ ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದು ಒಳಗಿವಿಯಿಂದ ತಿಳಿಯುತ್ತದೆ. ಕೈಕಾಲು ಎಲ್ಲಿವೆ, ಎಷ್ಟು ಬಲ ಹಾಕಬೇಕು ಎಂಬುದು ಸ್ನಾಯು ಮತ್ತು ಕೀಲುಗಳಿಂದ. ಈ ಸಂದೇಶಗಳನ್ನೆಲ್ಲ ಮಿದುಳು ಕೂಡಿಸಿಕೊಳ್ಳುವ ಬಗೆಯನ್ನು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್ 1972ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ವಿವರಿಸಿದರು. ಅವರ ಚಿಕಿತ್ಸಾಕ್ರಮ ಎಷ್ಟು ಫಲಕಾರಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಒಂದು ಮಗುವನ್ನು ಸಮಾಧಾನಪಡಿಸುವ ಉಯ್ಯಾಲೆ ಇನ್ನೊಂದು ಮಗುವನ್ನು ನಡುಗಿಸುತ್ತದೆ ಎಂಬುದರಲ್ಲಿ ವಿವಾದವಿಲ್ಲ. ಆಟಿಸಂ ಇರುವ ಹಲವು ಮಕ್ಕಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಆಟಿಸಂ ಇಲ್ಲದವರಲ್ಲೂ ಇರಬಹುದು.

ಹಾಗಾಗಿ ಬಣ್ಣ, ಸದ್ದು, ಸಲಕರಣೆಗಳನ್ನು ಹೆಚ್ಚಿಸುತ್ತ ಹೋದರೆ ವಿನ್ಯಾಸ ಸುಧಾರಿಸುವುದಿಲ್ಲ. ಮಗು ತನಗೆ ಬೇಕಾದಷ್ಟನ್ನೇ ತೆಗೆದುಕೊಂಡು, ಸಾಕೆನಿಸಿದಾಗ ಬಿಡುವಂತಿರಬೇಕು. ಹಲಗೆಯ ಉಯ್ಯಾಲೆಯ ಪಕ್ಕದಲ್ಲಿ ಮಲಗಿ ತೂಗಬಹುದಾದ ಬುಟ್ಟಿ ಉಯ್ಯಾಲೆಯಿದ್ದರೆ, ಅಂಜುವ ಮಗುವಿಗೆ ಬೆನ್ನಿಗೆ ಆಸರೆ ಸಿಗುತ್ತದೆ. ಅಮ್ಮನೂ ಜೊತೆಗೆ ಕೂರಬಹುದು. ತಿರುಗುಮಣೆ ನೆಲಕ್ಕೆ ಹತ್ತಿರವಿದ್ದು, ಮಗು ಕಾಲೂರಿ ತಾನೇ ನಿಲ್ಲಿಸುವಂತಿರುವುದು ಒಳ್ಳೆಯದು. ಬರಿಗಾಲಲ್ಲಿ ಮರಳು ಮುಟ್ಟಲಾರದ ಮಗುವಿಗೆ ಎತ್ತರದ ಮರಳು ಮೇಜು, ಒಂದು ಚಮಚ, ಒಂದು ಜರಡಿ ಕೊಟ್ಟರೆ ಆಟ ಶುರುವಾಗುತ್ತದೆ. ಗಾಲಿಕುರ್ಚಿಯಲ್ಲಿರುವ ಮಗುವಿಗೂ ಅದೇ ಮೇಜು ಒದಗುತ್ತದೆ. ಹತ್ತುವುದು, ತಳ್ಳುವುದು, ಮರಳು ತುಂಬಿದ ಬಕೆಟ್ ಹೊರುವುದು ಇವೆಲ್ಲ ಸ್ನಾಯುಗಳಿಗೆ ಕೆಲಸ ಕೊಡುತ್ತವೆ. ಸದಾ ಓಡುವ, ಡಿಕ್ಕಿ ಹೊಡೆಯುವ ಮಕ್ಕಳಲ್ಲಿ ಕೆಲವರು ಇದರಿಂದ ಶಾಂತರಾಗುತ್ತಾರೆ.

ಅಷ್ಟೇ ಮುಖ್ಯವಾದದ್ದು ಅಡಗುದಾಣ. ಗದ್ದಲ ಮಿತಿಮೀರಿದಾಗ ಹೊಕ್ಕು ಕೂರಲು ಪೊದೆಯ ಮರೆಯೋ ದೊಡ್ಡ ಸಿಮೆಂಟ್ ಕೊಳವೆಯೋ ಸಾಕು. ಒಳಗಿನಿಂದ ಆಟ ಕಾಣಬೇಕು, ಹೊರಗಿನಿಂದ ದೊಡ್ಡವರ ಕೈಗೆ ಮಗು ಎಟುಕಬೇಕು. ಅಲ್ಲಿ ಕುಳಿತ ಮಗುವನ್ನು ಪುಸಲಾಯಿಸಿ ಎಳೆತರುವುದು ಆ ಜಾಗದ ಉದ್ದೇಶವನ್ನೇ ಕೆಡಿಸುತ್ತದೆ. ಗಂಟೆ, ತಮಟೆಯಂಥ ವಾದ್ಯಗಳನ್ನು ನಡುವೆ ಇಡದೆ ದೂರದ ಮೂಲೆಯಲ್ಲಿಡಬೇಕು.

ನಮ್ಮ ಬಿಸಿಲಿನಲ್ಲಿ ನೆರಳೂ ವಿನ್ಯಾಸದ ಭಾಗ. ಕಾದ ಲೋಹದ ಜಾರುಬಂಡೆಯಲ್ಲಿ, ಬಿಸಿಯನ್ನು ತಡವಾಗಿ ಗ್ರಹಿಸುವ ಮಗು ಸುಟ್ಟುಕೊಳ್ಳಬಹುದು. ಥಟ್ಟನೆ ಓಡಿಬಿಡುವ ಮಕ್ಕಳಿಗಾಗಿ ಸುತ್ತ ಬೇಲಿ, ಒಂದೇ ಗೇಟು ಇದ್ದರೆ ಪೋಷಕರಿಗೂ ನಿರಾಳ. ಒಳಗೆ ಏನೇನಿದೆ ಎಂದು ತೋರಿಸುವ ಚಿತ್ರಫಲಕ ಗೇಟಿನಲ್ಲೇ ಇದ್ದರೆ, ಹೊಸ ಜಾಗಕ್ಕೆ ಹೆದರುವ ಮಗು ಮೊದಲೇ ಅಣಿಯಾಗುತ್ತದೆ.

ಬೆಂಗಳೂರಿನಲ್ಲಿ ಕಿಲಿಕಿಲಿ ಸಂಸ್ಥೆ ಕೋಲ್ಸ್ ಪಾರ್ಕ್‌ನಂಥ ಸಾರ್ವಜನಿಕ ಉದ್ಯಾನಗಳಲ್ಲೇ ಎಲ್ಲ ಮಕ್ಕಳೂ ಸೇರಿ ಆಡುವ ಅಂಗಳಗಳಿಗಾಗಿ ಕೆಲಸ ಮಾಡಿದೆ. ಇಂಥ ಕಡೆ ಕಟ್ಟುವುದರಷ್ಟೇ ಮುಖ್ಯವಾದದ್ದು ನಿರ್ವಹಣೆ. ಎಣ್ಣೆ ಕಾಣದ ಸರಪಳಿಯ ಕಿರುಗುಡುವಿಕೆ ಹೆಚ್ಚಿನವರ ಕಿವಿಗೆ ಬೀಳುವುದೇ ಇಲ್ಲ. ಸದ್ದಿಗೆ ಬೆಚ್ಚುವ ಮಗು ಅದೊಂದಕ್ಕೇ ಉಯ್ಯಾಲೆಯ ಬಳಿ ಸುಳಿಯುವುದನ್ನು ಬಿಡುತ್ತದೆ.