ಓದಿದ್ದು ಅರ್ಥವಾಗಬೇಕು: ಚೀನೀ ಮಕ್ಕಳ ಇಂಗ್ಲಿಷ್ ಓದಿನ ಅಭ್ಯಾಸ

ಚೀನಾದಿಂದ ಯಂತ್ರೋಪಕರಣಗಳನ್ನೋ ಬಿಡಿಭಾಗಗಳನ್ನೋ ತರಿಸಿಕೊಳ್ಳುವ ನಮ್ಮ ಉದ್ಯಮಿಗೂ ಅಲ್ಲಿಯ ಮಾರಾಟಗಾರನಿಗೂ ನಡುವಣ ಪತ್ರವ್ಯವಹಾರವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಆದರೆ ಅದು ಇಬ್ಬರಿಗೂ ಮಾತೃಭಾಷೆಯಲ್ಲ. ‘ಬಾಕಿ ಹಣ ತಲುಪುವವರೆಗೆ ಸರಕನ್ನು ಹಡಗಿಗೇರಿಸುವುದಿಲ್ಲ’ ಎಂಬರ್ಥದ ಇಂಗ್ಲಿಷ್ ವಾಕ್ಯದಲ್ಲಿ ‘ನಾಟ್’ ಮತ್ತು ‘ಅನ್‌ಟಿಲ್’ ಎಂಬ ಎರಡು ಸಣ್ಣ ಪದಗಳ ಸಂಬಂಧವನ್ನು ಒಬ್ಬರು ತಪ್ಪಾಗಿ ಗ್ರಹಿಸಿದರೂ ಸರಕು ಬಂದರಿನಲ್ಲಿಯೇ ಉಳಿದೀತು. ಅಂಥ ಪತ್ರವನ್ನು ಓದಿ ಉತ್ತರಿಸುವ ರಫ್ತು ವಿಭಾಗದ ಯುವ ನೌಕರನು ಆ ಕೌಶಲವನ್ನು ಸಂಪಾದಿಸಿದ್ದು ಶಾಲೆಯ ಓದಿನ ಅಭ್ಯಾಸದಿಂದ. ಆ ಅಭ್ಯಾಸದ ಸ್ವರೂಪವೇನು, ಅದರಲ್ಲಿ ಫಲ ಕೊಡುವುದು ಯಾವುದು ಎಂಬುದನ್ನು ಅರಿಯುವುದು ವರ್ತಕ ಸಮುದಾಯಕ್ಕೂ ಉಪಯುಕ್ತವೇ ಆಗಿದೆ.

ಪರೀಕ್ಷೆಯ ತೂಕ

ಚೀನಾವು ವಿಶ್ವ ವ್ಯಾಪಾರ ಸಂಘಟನೆಯ ಸದಸ್ಯತ್ವ ಪಡೆದದ್ದು 2001ರ ಡಿಸೆಂಬರ್‌ನಲ್ಲಿ. ಪ್ರಾಥಮಿಕ ಶಾಲೆಗಳಲ್ಲಿ ಮೂರನೆಯ ತರಗತಿಯಿಂದಲೇ ಇಂಗ್ಲಿಷ್ ಬೋಧಿಸುವ ಕ್ರಮವನ್ನು ಹಂತಹಂತವಾಗಿ ಜಾರಿಗೆ ತರಲಾರಂಭಿಸಿದ್ದೂ ಅದೇ ವರ್ಷ. ‘ಗಾವ್‌ಕಾವ್’ ಎಂದು ಹೆಸರಾದ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಒಟ್ಟು 750 ಅಂಕಗಳಿದ್ದು, ಅವುಗಳಲ್ಲಿ 150 ಅಂಕಗಳು ವಿದೇಶಿ ಭಾಷೆಗೆ ಮೀಸಲು. ಬಹುತೇಕ ವಿದ್ಯಾರ್ಥಿಗಳು ಆರಿಸಿಕೊಳ್ಳುವುದು ಇಂಗ್ಲಿಷನ್ನೇ. ಹೊಸ ಮಾದರಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಓದಿ ಅರ್ಥೈಸಿಕೊಳ್ಳುವ ಭಾಗವೊಂದಕ್ಕೇ 50 ಅಂಕಗಳಿವೆ. ನಾಲ್ಕು ಗದ್ಯಭಾಗಗಳ ಮೇಲೆ 15 ಪ್ರಶ್ನೆಗಳು ಬರುತ್ತವೆ. ಐದನೆಯ ಗದ್ಯಭಾಗದಲ್ಲಿ ಐದು ವಾಕ್ಯಗಳನ್ನು ತೆಗೆದಿರುತ್ತಾರೆ. ಕೊಟ್ಟ ಏಳು ವಾಕ್ಯಗಳಿಂದ ಸರಿಯಾದ ಐದನ್ನು ಆರಿಸಿ ಸ್ವಸ್ಥಾನದಲ್ಲಿ ಇಡಬೇಕು. ಪ್ರಾಥಮಿಕ ಶಾಲೆಯ ಮಗುವಿನ ಕೈಗೆ ಅಭ್ಯಾಸ ಪುಸ್ತಕ ಬರುವುದರ ಹಿಂದೆ ಈ ಪರೀಕ್ಷೆಯ ಒತ್ತಡವಿದೆ.

ಲಿಪಿ ಮತ್ತು ವಾಕ್ಯದ ತೊಡಕು

ಚೀನೀ ಲಿಪಿಯಲ್ಲಿ ಸಾಮಾನ್ಯವಾಗಿ ಒಂದು ಅಕ್ಷರಚಿಹ್ನೆಯು ಒಂದು ಉಚ್ಚಾರಾಂಶವನ್ನೂ ಅದರ ಅರ್ಥವನ್ನೂ ಒಟ್ಟಿಗೆ ಸೂಚಿಸುತ್ತದೆ. ಈ ರೂಢಿಯಲ್ಲಿ ಬೆಳೆದ ಹಲವು ಮಕ್ಕಳು ಇಂಗ್ಲಿಷಿನ ಇಡೀ ಪದವನ್ನೂ ಒಂದು ಚಿತ್ರದಂತೆ ನೆನಪಿನಲ್ಲಿಡಲು ಯತ್ನಿಸುತ್ತಾರೆ. ಚೀನಾದ ಮುಖ್ಯಭೂಭಾಗದ ಮಕ್ಕಳು ಒಂದನೆಯ ತರಗತಿಯಲ್ಲಿಯೇ ‘ಪಿನ್‌ಯಿನ್’ ಮೂಲಕ ರೋಮನ್ ಅಕ್ಷರಗಳನ್ನು ಕಲಿಯುತ್ತಾರಾದರೂ, ಅಲ್ಲಿ ‘ಸಿ’ ಅಕ್ಷರಕ್ಕೆ ‘ತ್ಸ’ ಎಂಬುದಕ್ಕೆ ಹತ್ತಿರದ ಧ್ವನಿ, ‘ಕ್ಯೂ’ ಅಕ್ಷರಕ್ಕೆ ‘ಛ’ ಎಂಬುದಕ್ಕೆ ಹತ್ತಿರದ ಧ್ವನಿ. ಹೀಗಾಗಿ ಅಕ್ಷರದ ಆಕಾರ ಪರಿಚಿತವಾದರೂ ಅದರ ಧ್ವನಿಯನ್ನು ಹೊಸದಾಗಿಯೇ ಕಲಿಯಬೇಕಾಗುತ್ತದೆ.

ವ್ಯಾಕರಣದ ತೊಡಕು ಇನ್ನೂ ಆಳವಾದದ್ದು. ಚೀನೀ ಭಾಷೆಯಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದದ ರೂಪ ಬದಲಾಗುವುದಿಲ್ಲ. ನಿನ್ನೆ, ನಾಳೆ ಮುಂತಾದ ಪದಗಳಿಂದಲೂ ಸಂದರ್ಭದಿಂದಲೂ ಕಾಲ ತಿಳಿಯುತ್ತದೆ. ಆದ್ದರಿಂದ ಇಂಗ್ಲಿಷ್ ಕ್ರಿಯಾಪದದ ಕೊನೆಯಲ್ಲಿ ಅಡಗಿರುವ ಕಾಲಸೂಚನೆಯನ್ನು ಮಗುವಿನ ಕಣ್ಣು ಸುಲಭವಾಗಿ ದಾಟಿ ಹೋಗುತ್ತದೆ.

‘ದ ಬಾಯ್ ಹೂ ಕಾಲ್ಡ್ ದ ಗರ್ಲ್ ವೆಂಟ್ ಹೋಮ್’ ಎಂಬ ವಾಕ್ಯವನ್ನು ಗಮನಿಸಬಹುದು. ಮನೆಗೆ ಹೋದವರು ಯಾರು? ಪದಗಳೆಲ್ಲವೂ ಗೊತ್ತಿದ್ದರೂ ‘ಗರ್ಲ್’ ಮತ್ತು ‘ವೆಂಟ್’ ಪಕ್ಕಪಕ್ಕದಲ್ಲಿರುವುದರಿಂದ ಹುಡುಗಿ ಹೋದಳೆಂದು ಮಗು ಉತ್ತರಿಸುವ ಸಂಭವವಿದೆ. ಚೀನೀ ಭಾಷೆಯಲ್ಲಿ ವಿಶೇಷಣವಾಗಿ ಬರುವ ಉಪವಾಕ್ಯವು ನಾಮಪದದ ಮೊದಲೇ ಬರುತ್ತದೆ. ಕನ್ನಡದ ಕ್ರಮವೂ ಇದೇ: ‘ಹುಡುಗಿಯನ್ನು ಕರೆದ ಹುಡುಗ ಮನೆಗೆ ಹೋದ’. ಇಂಗ್ಲಿಷಿನಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಈ ಒಂದು ವಿಷಯದಲ್ಲಿ ಚೀನೀ ಮಗುವಿನ ಕಷ್ಟವೂ ಕನ್ನಡದ ಮಗುವಿನ ಕಷ್ಟವೂ ಒಂದೇ ಎಂಬುದು ಗಮನಾರ್ಹ.

‘ಪ್ರಶ್ನೆಗಳ ಸಮುದ್ರ’

ಪರೀಕ್ಷೆಗಾಗಿ ನೂರಾರು ಮಾದರಿ ಪ್ರಶ್ನೆಗಳನ್ನು ಬಿಡಿಸುವ ಪದ್ಧತಿಗೆ ಚೀನಾದಲ್ಲಿ ‘ತಿ ಹಾಯ್’, ಅಂದರೆ ಪ್ರಶ್ನೆಗಳ ಸಮುದ್ರ, ಎಂಬ ಹೆಸರಿದೆ. ಮೊದಲು ಪ್ರಶ್ನೆಯನ್ನು ಓದು, ಅದರಲ್ಲಿರುವ ಮುಖ್ಯ ಪದವನ್ನು ಗದ್ಯದಲ್ಲಿ ಹುಡುಕು, ಆ ಸಾಲಿಗೆ ಹೋಲುವ ಉತ್ತರಕ್ಕೆ ಗುರುತು ಹಾಕು ಎಂಬುದು ಇಲ್ಲಿ ಹೇಳಿಕೊಡುವ ಉಪಾಯ. ವಿವರ ಕೇಳುವ ಪ್ರಶ್ನೆಗಳಿಗೆ ಇದರಿಂದ ಅಂಕ ದೊರೆಯುತ್ತದೆ, ಸಮಯವೂ ಉಳಿಯುತ್ತದೆ. ಆದರೆ ‘ಅಂಗಡಿಯ ಬಾಗಿಲಲ್ಲಿ ಒದ್ದೆ ಕೊಡೆಗಳು ಸಾಲಾಗಿದ್ದವು’ ಎಂದಷ್ಟೇ ಗದ್ಯದಲ್ಲಿದ್ದು, ‘ಹೊರಗೆ ಹವಾಮಾನ ಹೇಗಿತ್ತು?’ ಎಂದು ಪ್ರಶ್ನೆ ಬಂದರೆ ಈ ಉಪಾಯ ನಿಷ್ಫಲವಾಗುತ್ತದೆ. ಮಳೆ ಎಂಬ ಪದವೇ ಗದ್ಯದಲ್ಲಿಲ್ಲ. ಅರ್ಥವನ್ನು ಓದುಗನೇ ಕೂಡಿಸಿಕೊಳ್ಳಬೇಕು. ವ್ಯಾಪಾರದ ಪತ್ರಗಳೂ ಹೀಗೆಯೇ. ಬೆಲೆ, ತಾರೀಖು ಮುಂತಾದವನ್ನು ಹುಡುಕಿ ತೆಗೆಯುವುದು ಸುಲಭ. ಎದುರಿನವನು ಯಾವ ಷರತ್ತಿನ ಮೇಲೆ ಒಪ್ಪಿದ್ದಾನೆ ಎಂಬುದನ್ನು ಗ್ರಹಿಸುವುದು ಕಷ್ಟ.

ಫಲ ನೀಡುವ ಅಭ್ಯಾಸ

ಓದಿನ ಅಭ್ಯಾಸಕ್ಕೆ ಆರಿಸುವ ಪುಸ್ತಕ ಸುಲಭವಾಗಿರಬೇಕೆಂಬುದು ಮೊದಲ ನಿಯಮ. ಹೂ ಮತ್ತು ಪಾಲ್ ನೇಷನ್ ಎಂಬ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಥೆಯೊಂದನ್ನು ಯಾರ ನೆರವೂ ಇಲ್ಲದೆ ಅರ್ಥಮಾಡಿಕೊಳ್ಳಲು ಅದರಲ್ಲಿನ ಸುಮಾರು ಶೇ. 98ರಷ್ಟು ಪದಗಳು ಓದುಗನಿಗೆ ತಿಳಿದಿರಬೇಕು. ಅಂದರೆ 50 ಪದಗಳಿಗೆ ಒಂದು ಮಾತ್ರ ಹೊಸದಿರಬಹುದು. ಶೇ. 80ರಷ್ಟು ಪದಗಳು ಮಾತ್ರ ತಿಳಿದಿದ್ದಾಗ ಯಾರೊಬ್ಬರೂ ಕಥೆಯನ್ನು ಸಮರ್ಪಕವಾಗಿ ಗ್ರಹಿಸಲಿಲ್ಲ. ಮಗು ಬೇಗ ಮುಂದುವರಿಯಲೆಂದು ಪಾಲಕರು ತರುವ ಕಠಿಣ ಪುಸ್ತಕವು ಓದನ್ನು ನಿಘಂಟಿನ ಹುಡುಕಾಟವನ್ನಾಗಿ ಮಾಡುತ್ತದೆ.

ಎರಡನೆಯದು ಓದುವ ಕ್ರಮ. ಮೊದಲ ಸಲ ಎಲ್ಲಿಯೂ ನಿಲ್ಲದೆ ಪೂರ್ತಿ ಓದಿ, ವಿಷಯವೇನೆಂದು ಒಂದೇ ವಾಕ್ಯದಲ್ಲಿ ಹೇಳಬೇಕು. ಇದನ್ನು ಚೀನೀ ಭಾಷೆಯಲ್ಲಿ ಹೇಳಿದರೂ ಅಡ್ಡಿಯಿಲ್ಲ. ಎರಡನೆಯ ಸಲ ಓದುವಾಗ ‘ಬಟ್’, ‘ಆಲ್ದೋ’, ‘ಅನ್‌ಲೆಸ್’ ಮುಂತಾದ ಜೋಡಿಸುವ ಪದಗಳಿಗೆ ಗುರುತು ಹಾಕಬೇಕು. ಚೀನೀ ಭಾಷೆಯಲ್ಲಿ ‘ಆಲ್ದೋ’ ಮತ್ತು ‘ಬಟ್’ ಎಂಬರ್ಥದ ಪದಗಳು ಒಂದೇ ವಾಕ್ಯದಲ್ಲಿ ಜೋಡಿಯಾಗಿ ಬರುತ್ತವೆ. ಇಂಗ್ಲಿಷಿನಲ್ಲಿ ಒಂದೇ ಸಾಕು. ಆದ್ದರಿಂದ ವಾಕ್ಯವು ಎಲ್ಲಿ ತಿರುಗಿತೆಂಬುದನ್ನು ಮಗು ತಾನೇ ಕಂಡುಕೊಳ್ಳಬೇಕು. ಮೂರನೆಯ ಸಲ, ಪ್ರತಿಯೊಂದು ಉತ್ತರಕ್ಕೂ ಆಧಾರವಾದ ಸಾಲನ್ನು ಬೆರಳಿಟ್ಟು ತೋರಿಸಬೇಕು. ಉತ್ತರ ಸರಿಯಿದ್ದರೂ ಆಧಾರ ತೋರಿಸಲಾಗದಿದ್ದರೆ ಅದು ಊಹೆಯೆಂದೇ ತಿಳಿಯಬೇಕು.

ಮೂರನೆಯ ನಿಯಮ ನಿತ್ಯದ ರೂಢಿ. ಒಂಬತ್ತನೆಯ ತರಗತಿಯ ಅಂತ್ಯದೊಳಗೆ ಪಠ್ಯೇತರ ಓದು ಒಟ್ಟು 1,50,000 ಪದಗಳನ್ನು ಮೀರಬೇಕೆಂದು ಚೀನಾದ 2011ರ ಪಠ್ಯಕ್ರಮ ಸೂಚಿಸಿತ್ತು. ಸಂಖ್ಯೆ ದೊಡ್ಡದಾಗಿ ಕಂಡರೂ ಮೂರು ವರ್ಷಗಳಿಗೆ ಹಂಚಿದರೆ ದಿನಕ್ಕೆ ಸುಮಾರು 137 ಪದಗಳಾಗುತ್ತವೆ. ಅಂದರೆ ಒಂದು ಚಿಕ್ಕ ಪುಟಕ್ಕಿಂತ ಹೆಚ್ಚಲ್ಲ. ಹನಿಗೂಡಿದರೆ ಹಳ್ಳ ಎಂಬ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಉದ್ಯಮದ ಏಳುಬೀಳು

ಪರೀಕ್ಷೆಯ ಈ ಒತ್ತಡವೇ ಬೃಹತ್ ಉದ್ಯಮವೊಂದಕ್ಕೆ ಬಂಡವಾಳವಾಯಿತು. ಯೂ ಮಿನ್‌ಹೋಂಗ್ ಅವರು 1993ರಲ್ಲಿ ಬೀಜಿಂಗ್‌ನಲ್ಲಿ ಸ್ಥಾಪಿಸಿದ ‘ನ್ಯೂ ಓರಿಯೆಂಟಲ್’ ಸಂಸ್ಥೆಯು 2006ರಲ್ಲಿ ನ್ಯೂಯಾರ್ಕ್ ಷೇರು ಪೇಟೆಯನ್ನು ಪ್ರವೇಶಿಸಿತು. ಆದರೆ ಮಕ್ಕಳ ಮೇಲಿನ ಮನೆಪಾಠದ ಹಾಗೂ ಮನೆಗೆಲಸದ ಹೊರೆಯನ್ನು ತಗ್ಗಿಸಲು 2021ರ ಜುಲೈನಲ್ಲಿ ಚೀನಾ ಸರ್ಕಾರವು ಹೊರಡಿಸಿದ ನಿಯಮಗಳು ಕಡ್ಡಾಯ ಶಿಕ್ಷಣದ ಹಂತದಲ್ಲಿ ಪಠ್ಯವಿಷಯಗಳ ಲಾಭದಾಯಕ ಬೋಧನೆಯನ್ನು ನಿಷೇಧಿಸಿದವು. ಸಂಸ್ಥೆಯು 60,000 ನೌಕರರನ್ನು ಕೈಬಿಡಬೇಕಾಯಿತೆಂದೂ ಆದಾಯವು ಶೇ. 80ರಷ್ಟು ಕುಸಿಯಿತೆಂದೂ ಯೂ ಅವರು 2022ರ ಜನವರಿಯಲ್ಲಿ ತಿಳಿಸಿದರು. ಅದೇ ವರ್ಷದ ಜೂನ್‌ನಲ್ಲಿ ಆ ಸಂಸ್ಥೆಯ ಅಧ್ಯಾಪಕರು ಅಂತರ್ಜಾಲದ ನೇರಪ್ರಸಾರದಲ್ಲಿ ಫಲಕದ ಮೇಲೆ ಇಂಗ್ಲಿಷ್ ಪದಗಳನ್ನು ಬರೆದು ವಿವರಿಸುತ್ತ ಆಹಾರ ಪದಾರ್ಥಗಳನ್ನು ಮಾರಿ ದೇಶದ ಗಮನ ಸೆಳೆದರು. ಮಾರುಕಟ್ಟೆ ಮುಚ್ಚಿದರೂ ಕೌಶಲ ಉಳಿದಿತ್ತು. ಅದೇ ಅವರ ಕೈ ಹಿಡಿಯಿತು.

ಒಂದೇ ಪರೀಕ್ಷೆಯನ್ನು ನೆಚ್ಚಿದ ಉದ್ಯಮಕ್ಕೆ ಒಂದು ಆದೇಶ ಸಾಕಾಯಿತು. ಅಂಕವನ್ನಷ್ಟೇ ನೆಚ್ಚಿದ ಓದಿಗೂ ಪರೀಕ್ಷೆ ಮುಗಿದ ಮೇಲೆ ನೆಲೆಯಿಲ್ಲ. ಅರ್ಥ ಗ್ರಹಿಸಿ ಓದುವ ರೂಢಿಯಾದರೋ ಮುಂದೆ ಒಪ್ಪಂದ, ಯಂತ್ರದ ಕೈಪಿಡಿ, ವಿಮಾ ಪತ್ರ ಮುಂತಾದ ಎಲ್ಲೆಡೆ ನೆರವಿಗೆ ಬರುತ್ತದೆ. ಅಂಗಡಿಯ ಲೆಕ್ಕ ಮುಗಿದ ನಂತರ ಮಕ್ಕಳೊಡನೆ ಹತ್ತು ನಿಮಿಷ ಕುಳಿತು, ಅವರು ಓದಿದ ಪುಟವನ್ನು ಅವರದೇ ಮಾತಿನಲ್ಲಿ ಹೇಳಿಸುವುದು ನಮ್ಮ ವರ್ತಕರ ಮನೆಗಳಲ್ಲಿಯೂ ಸಾಧ್ಯ. ಅದಕ್ಕೆ ಬಂಡವಾಳ ಬೇಕಿಲ್ಲ; ನಿತ್ಯದ ಶ್ರದ್ಧೆಯೊಂದಿದ್ದರೆ ಸಾಕು.